ಖಡ್ಗಮೃಗದಿಂದ ತೋಳದವರೆಗೆ: ಪ್ರಾಣಿಯ ನಿಜರೂಪದ ಕಥೆ

ಕಂಪ್ಯೂಟರಿನ ಪರದೆಯ ಮೇಲೆ, ದೂರದೂರದ ಊರುಗಳಲ್ಲಿ ಕುಳಿತವರು ಒಟ್ಟಿಗೆ ಸೇರಿ ಆಡುವ ಆಟಗಳು ಈಗ ನಮ್ಮ ಮನೆಗಳಿಗೂ ಬಂದಿವೆ. ಈ ಆಟಗಳಲ್ಲಿ ಮಕ್ಕಳು ಒಂದೊಂದು ಪಾತ್ರ ಧರಿಸುತ್ತಾರೆ. ಮೊದಮೊದಲು ಆ ಪಾತ್ರಗಳು ವೀರ, ಮಂತ್ರವಾದಿ, ಕುಳ್ಳ, ರಾಕ್ಷಸ ಮುಂತಾಗಿದ್ದವು. ಈಗ ತೋಳವಾಗುವವರಿದ್ದಾರೆ, ಕಾಡುಬೆಕ್ಕಾಗುವವರಿದ್ದಾರೆ, ಸಿಂಹವಾಗುವವರಿದ್ದಾರೆ. ಪಾತ್ರ ಧರಿಸುವ ಮೊದಲು ಅದರ ಮೈಬಣ್ಣ, ಕಣ್ಣು, ಗಾತ್ರ, ಗುಣ ಎಲ್ಲವನ್ನೂ ಆಟಗಾರನೇ ನಿರ್ಣಯಿಸಬೇಕು. ಅಲ್ಲಿಯೇ ಜಗಳ ಹುಟ್ಟುತ್ತದೆ. ನೇರಳೆ ಬಣ್ಣದ ತೋಳ ಇರಬಹುದೇ? ರೆಕ್ಕೆಯುಳ್ಳ ಬೆಕ್ಕು ಇರಬಹುದೇ? ಅನೇಕ ಗುಂಪುಗಳು ಕಟ್ಟುನಿಟ್ಟಾದ ನಿಯಮ ಮಾಡಿಕೊಂಡಿವೆ: ಪ್ರಾಣಿ ಲೋಕದಲ್ಲಿ ಹೇಗಿದೆಯೋ ಆಟದಲ್ಲಿಯೂ ಹಾಗೆಯೇ ಇರತಕ್ಕದ್ದು.

ಆಟಕ್ಕೆ ಇಷ್ಟೆಲ್ಲ ನಿಯಮವೇಕೆ ಎಂದು ಹಿರಿಯರಿಗೆ ಅನ್ನಿಸುವುದು ಸಹಜ. ಆದರೆ ಈ ಜಗಳ ಇಂದಿನದಲ್ಲ. ಪ್ರಾಣಿಯನ್ನು ಕಂಡಂತೆ ಚಿತ್ರಿಸಬೇಕೇ, ನೆನೆದಂತೆ ಚಿತ್ರಿಸಬೇಕೇ ಎಂಬ ಪ್ರಶ್ನೆಗೆ ಐನೂರು ವರ್ಷಗಳ ಇತಿಹಾಸವಿದೆ. ಆ ಇತಿಹಾಸದ ಒಂದು ಎಳೆ ನಮ್ಮ ಪಶ್ಚಿಮ ಕರಾವಳಿಯಿಂದಲೇ ಹೊರಡುತ್ತದೆ.

ನೋಡದೆ ಬರೆದ ಚಿತ್ರ

1510ರಲ್ಲಿ ಪೋರ್ಚುಗೀಸರ ಆಲ್ಬುಕರ್ಕನು ಬಿಜಾಪುರದ ಸುಲ್ತಾನರಿಂದ ಗೋವೆಯನ್ನು ಕಸಿದುಕೊಂಡನು. ಹೊನ್ನಾವರದ ಕಡೆಯ ತಿಮ್ಮಯ್ಯ ಅಥವಾ ತಿಮ್ಮೋಜನು ಅವನಿಗೆ ನೆರವಾದ ಸಂಗತಿ ನಮ್ಮ ಓದುಗರಲ್ಲಿ ಹಲವರಿಗೆ ಗೊತ್ತಿರುವುದೇ. ನಾಲ್ಕು ವರ್ಷಗಳ ನಂತರ ಗುಜರಾತಿನ ಸುಲ್ತಾನ ಮುಜಫರ್ ಷಾ ಆಲ್ಬುಕರ್ಕನಿಗೆ ಒಂದು ಖಡ್ಗಮೃಗವನ್ನು ಕಾಣಿಕೆಯಾಗಿ ಕಳುಹಿಸಿದನು. ಅದನ್ನು ಸಾಕುವ ಗೊಡವೆ ತನಗೆ ಬೇಡವೆಂದು ಆಲ್ಬುಕರ್ಕನು ಅದನ್ನು ತನ್ನ ದೊರೆ ಮಾನ್ಯುಯೆಲನಿಗೆ ಅರ್ಪಿಸಿದನು. 1515ರ ಜನವರಿಯಲ್ಲಿ ಗೋವೆಯಿಂದ ಹೊರಟ ಹಡಗು ಮೇ 20ರಂದು ಲಿಸ್ಬನ್ ಸೇರಿತು. ರೋಮನ್ನರ ಕಾಲದ ನಂತರ ಯುರೋಪಿನ ಜನ ಜೀವಂತ ಖಡ್ಗಮೃಗವನ್ನು ಕಂಡದ್ದು ಆಗಲೇ. ಅರಸನು ಅದಕ್ಕೂ ಆನೆಗೂ ಕಾಳಗ ಏರ್ಪಡಿಸಿದನು, ಆನೆ ಓಡಿಹೋಯಿತು.

ಈ ಸುದ್ದಿ, ಒಂದು ಒರಟು ರೇಖಾಚಿತ್ರದೊಡನೆ, ಜರ್ಮನಿಯ ನ್ಯೂರೆಂಬರ್ಗಿಗೆ ತಲುಪಿತು. ಅಲ್ಲಿದ್ದ ಆಲ್ಬ್ರೆಕ್ಟ್ ಡ್ಯೂರರ್ ಎಂಬ ಮಹಾನ್ ಚಿತ್ರಕಾರನು ಅದನ್ನೇ ಆಧಾರವಾಗಿಟ್ಟುಕೊಂಡು ಮರದಚ್ಚಿನಲ್ಲಿ ಖಡ್ಗಮೃಗದ ಚಿತ್ರ ಕೆತ್ತಿಸಿದನು. ಪ್ರಾಣಿಯನ್ನು ಅವನು ಕಣ್ಣಾರೆ ಕಂಡಿರಲೇ ಇಲ್ಲ. ಚರ್ಮದ ಮಡಿಕೆಗಳು ಅವನ ಕೈಯಲ್ಲಿ ಯೋಧನ ಲೋಹದ ಕವಚವಾದವು. ಕಾಲುಗಳಿಗೆ ಮೀನಿನಂಥ ಹುರುಪೆ ಬಂದಿತು. ಎಲ್ಲಕ್ಕಿಂತ ಸೋಜಿಗವೆಂದರೆ ಹೆಗಲ ಮೇಲೆ ಇನ್ನೊಂದು ಪುಟ್ಟ ಕೊಂಬು ಮೂಡಿತು!

ಚಿತ್ರ ಸುಂದರವಾಗಿತ್ತು, ಆದ್ದರಿಂದಲೇ ಅಪಾಯಕಾರಿಯಾಯಿತು. 1551ರಲ್ಲಿ ಹೊರಬರಲಾರಂಭಿಸಿದ ಗೆಸ್ನರನ ಪ್ರಾಣಿಶಾಸ್ತ್ರದ ದೊಡ್ಡ ಗ್ರಂಥವೂ ಅದನ್ನೇ ಅಚ್ಚು ಹಾಕಿತು. ಒಬ್ಬರನ್ನು ನೋಡಿ ಇನ್ನೊಬ್ಬರು ಬರೆದರು. ನಾವು ಕಚೇರಿಯಲ್ಲಿ ಕಡತ ನೋಡಿ ಬದುಕುವವರು. ಮೂಲ ಕಾಗದವನ್ನು ತೆರೆಯದೆ ನಕಲಿನಿಂದ ನಕಲು ತೆಗೆಯುತ್ತ ಹೋದರೆ ಮೊದಲ ಗುಮಾಸ್ತನ ಒಂದು ಅಕ್ಷರದೋಷ ಮುಂದೆ ಸರಕಾರದ ಸತ್ಯವಾಗುತ್ತದೆ ಎಂಬುದು ನಮಗೆ ಚೆನ್ನಾಗಿ ಗೊತ್ತು. ಡ್ಯೂರರನ ಕೊಂಬಿಗೂ ಆದದ್ದು ಅದೇ. 1741ರಲ್ಲಿ ಡಚ್ ಕಪ್ತಾನನೊಬ್ಬನು ಬಂಗಾಳದ ಕಡೆಯಿಂದ ‘ಕ್ಲಾರಾ’ ಎಂಬ ಹೆಣ್ಣು ಖಡ್ಗಮೃಗವನ್ನು ಕೊಂಡೊಯ್ದು ಊರೂರು ತಿರುಗಿಸಿ ತೋರಿಸತೊಡಗಿದ ಮೇಲೆ, 1749ರಲ್ಲಿ ಫ್ರಾನ್ಸಿನ ಊದ್ರಿ ಅದನ್ನು ಎದುರಿಗೆ ನಿಲ್ಲಿಸಿಕೊಂಡು ಆಳೆತ್ತರದ ಚಿತ್ರ ಬರೆದ ಮೇಲೆ, ಹೆಗಲ ಕೊಂಬು ನಿಧಾನವಾಗಿ ಉದುರಿತು. ಒಂದು ಸುಳ್ಳು ಅಳಿಯಲು ಇನ್ನೂರು ವರ್ಷಗಳಿಗೂ ಹೆಚ್ಚು ಬೇಕಾಯಿತು.

ಗೋವೆಯಿಂದ ಹೋದ ಆ ಬಡಪ್ರಾಣಿಯ ಗತಿಯೇನಾಯಿತು ಎಂದರೆ, ಅರಸನು ಅದನ್ನು ಪೋಪರಿಗೆ ಕಾಣಿಕೆಯಾಗಿ ಸಾಗಹಾಕಿದನು. 1516ರ ಆರಂಭದಲ್ಲಿ ಇಟಲಿಯ ತೀರದ ಬಳಿ ಹಡಗು ಒಡೆಯಿತು. ಸರಪಳಿ ಬಿಗಿದಿದ್ದ ಪ್ರಾಣಿ ಈಜಲಾರದೆ ಮುಳುಗಿ ಸತ್ತಿತು. ಅದರ ಸುಳ್ಳು ರೂಪ ಮಾತ್ರ ಬದುಕಿ ಉಳಿಯಿತು.

ನೋಡಿ ಬರೆದವರು

ಇದಕ್ಕೆ ಎದುರಾದ ಪರಂಪರೆಯೂ ಉಂಟು. ಅದರಲ್ಲಿ ನಮ್ಮ ದೇಶಕ್ಕೆ ದೊಡ್ಡ ಸ್ಥಾನವಿದೆ. ಮೊಗಲ ಬಾದಶಹ ಜಹಾಂಗೀರನಿಗೆ ವಿಚಿತ್ರ ಪ್ರಾಣಿಪಕ್ಷಿಗಳೆಂದರೆ ಎಲ್ಲಿಲ್ಲದ ಕುತೂಹಲ. 1612ರಲ್ಲಿ ಅವನ ಅಧಿಕಾರಿ ಮುಕರ್ರಬ್ ಖಾನನು ಗೋವೆಯಿಂದ ಟರ್ಕಿ ಕೋಳಿಯನ್ನೂ ಇತರ ಅಪೂರ್ವ ಪ್ರಾಣಿಗಳನ್ನೂ ತಂದೊಪ್ಪಿಸಿದನು. ತನ್ನ ಮುತ್ತಜ್ಜ ಬಾಬರನು ಪ್ರಾಣಿಗಳನ್ನು ಮಾತಿನಲ್ಲಿ ವರ್ಣಿಸಿದ್ದನೇ ಹೊರತು ಚಿತ್ರ ಬರೆಸಿರಲಿಲ್ಲ, ಆದ್ದರಿಂದ ತಾನು ಬರೆಸಿದೆನೆಂದು ಜಹಾಂಗೀರ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಅವನ ಆಸ್ಥಾನದ ಉಸ್ತಾದ್ ಮನ್ಸೂರನು ಇಂಥ ಚಿತ್ರಗಳಲ್ಲಿ ಅದ್ವಿತೀಯನಾಗಿದ್ದನು. 1621ರಲ್ಲಿ ಅಬಿಸೀನಿಯದ ಕಡೆಯಿಂದ ಒಂದು ಜೀಬ್ರಾ ಬಂದಾಗ, ಪಟ್ಟೆಗಳನ್ನು ಯಾರೋ ಬಣ್ಣ ಬಳಿದಿರಬೇಕೆಂದು ಕೆಲವರು ಶಂಕಿಸಿದರಂತೆ. ಚೆನ್ನಾಗಿ ಪರೀಕ್ಷಿಸಿ ನಿಜವೆಂದು ತಿಳಿದ ಮೇಲೆಯೇ ಸಮಾಧಾನವಾಯಿತು. ಮನ್ಸೂರನ ಜೀಬ್ರಾ ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಮೊದಲು ಪರೀಕ್ಷೆ, ಆಮೇಲೆ ಕುಂಚ ಎಂಬುದು ಆ ಆಸ್ಥಾನದ ಪದ್ಧತಿಯಾಗಿತ್ತು.

ಇಂಗ್ಲೆಂಡಿನ ಜಾರ್ಜ್ ಸ್ಟಬ್ಸ್ ಇನ್ನೂ ಮುಂದೆ ಹೋದನು. 1756ರಿಂದ ಸುಮಾರು ಹದಿನೆಂಟು ತಿಂಗಳು ಒಂದು ಹಳ್ಳಿಮನೆಯಲ್ಲಿ ಸತ್ತ ಕುದುರೆಗಳನ್ನು ತೂಗುಹಾಕಿ, ಪದರ ಪದರವಾಗಿ ಚರ್ಮ, ಸ್ನಾಯು, ಎಲುಬುಗಳನ್ನು ಬಿಡಿಸಿ ನೋಡಿ ಚಿತ್ರ ಬರೆದನು. ಆ ದುರ್ವಾಸನೆಯಲ್ಲಿ ಅವನು ಪಟ್ಟ ಕಷ್ಟದ ಫಲವಾದ ಕುದುರೆಯ ಅಂಗರಚನೆಯ ಗ್ರಂಥ 1766ರಲ್ಲಿ ಪ್ರಕಟವಾಯಿತು.

ಆದರೂ ಒಂದು ತಪ್ಪು ಉಳಿದೇ ಇತ್ತು. ಓಡುವ ಕುದುರೆಯನ್ನು ಚಿತ್ರಕಾರರು ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿ ಗಾಳಿಯಲ್ಲಿ ತೇಲುವಂತೆ ಬರೆಯುತ್ತಿದ್ದರು. 1821ರಲ್ಲಿ ಜೆರಿಕೋ ಬರೆದ ಕುದುರೆ ಜೂಜಿನ ಹೆಸರಾಂತ ಚಿತ್ರವೂ ಹೀಗೆಯೇ ಇದೆ. 1878ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯದಲ್ಲಿ ಮೈಬ್ರಿಜ್ ಎಂಬ ಛಾಯಾಗ್ರಾಹಕನು ಓಟದ ಹಾದಿಯ ಪಕ್ಕದಲ್ಲಿ ಸಾಲಾಗಿ ಕ್ಯಾಮೆರಾಗಳನ್ನಿಟ್ಟು ಚಿತ್ರ ತೆಗೆದಾಗ ಸತ್ಯ ಹೊರಬಿತ್ತು. ನಾಗಾಲೋಟದಲ್ಲಿ ಕುದುರೆಯ ನಾಲ್ಕು ಕಾಲೂ ನೆಲ ಬಿಡುವ ಕ್ಷಣವೊಂದಿದೆ ನಿಜ. ಆದರೆ ಅದು ಕಾಲು ಚಾಚಿದಾಗ ಅಲ್ಲ, ಕಾಲುಗಳೆಲ್ಲ ಹೊಟ್ಟೆಯ ಕೆಳಗೆ ಮಡಿಚಿಕೊಂಡಾಗ! ದಿನವೂ ಕುದುರೆ ನೋಡುತ್ತಿದ್ದ ಜನರ ಕಣ್ಣೂ ಮೋಸಹೋಗಿತ್ತು.

ಚಲಿಸುವ ಚಿತ್ರಗಳ ಕಾಲದಲ್ಲಿ ಇದೇ ಪಾಠ ಮತ್ತೆ ನಡೆಯಿತು. ಡಿಸ್ನಿ ಸಂಸ್ಥೆ 1942ರಲ್ಲಿ ಬಿಡುಗಡೆ ಮಾಡಿದ ‘ಬ್ಯಾಂಬಿ’ಗಾಗಿ ಅಮೆರಿಕದ ಮೇಯ್ನ್ ಪ್ರಾಂತದಿಂದ ಎರಡು ಜಿಂಕೆಮರಿಗಳನ್ನು ತರಿಸಿ ಸಾಕಲಾಯಿತು. ರಿಕೋ ಲೆಬ್ರನ್ ಎಂಬ ಕಲಾವಿದನು ಚಿತ್ರಕಾರರಿಗೆ ಜಿಂಕೆಯ ಎಲುಬು-ಸ್ನಾಯುಗಳ ಪಾಠ ಹೇಳಿದನು. ಜಿಂಕೆಗೆ ಮಾತು ಬರುತ್ತದೆ ಎಂಬ ಒಂದು ಸುಳ್ಳನ್ನು ನಂಬಿಸಲು ಅದರ ಮೊಣಕಾಲು, ಗೊರಸು, ನಡಿಗೆಗಳಲ್ಲಿ ಸುಳ್ಳು ಇರಕೂಡದು ಎಂಬುದನ್ನು ಅವರು ಅರಿತಿದ್ದರು. ನಮ್ಮ ಇಂದಿನ ಆಟಗಳಿಗೂ ಈ ಸೂತ್ರವೇ ಅನ್ವಯಿಸುತ್ತದೆ.

ಆಟದೊಳಗೆ ಪ್ರಾಣಿ

ಪಾತ್ರ ಧರಿಸಿ ಆಡುವ ಆಧುನಿಕ ಆಟಗಳ ಮೂಲ 1974ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಮೇಜಿನ ಸುತ್ತ ಕುಳಿತು ಆಡುವ ಈ ಆಟದ ಕೆಲವು ವಿಚಿತ್ರ ಪ್ರಾಣಿಗಳು ಹಾಂಗ್‌ಕಾಂಗ್‌ನಿಂದ ಬರುತ್ತಿದ್ದ ಅಗ್ಗದ ಪ್ಲಾಸ್ಟಿಕ್ ಬೊಂಬೆಗಳನ್ನು ನೋಡಿ ಹುಟ್ಟಿದವು. ಗೂಬೆಯ ತಲೆ, ಕರಡಿಯ ಮೈ ಇರುವ ಪ್ರಾಣಿ ಅವುಗಳಲ್ಲೊಂದು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಷಾ ಎಂಬ ವಿದ್ಯಾರ್ಥಿ ಹಲವರು ಏಕಕಾಲಕ್ಕೆ ಕಂಪ್ಯೂಟರಿನಲ್ಲಿ ಆಡುವ ಆಟವನ್ನು ಆರಂಭಿಸಿದನು. ರಿಚರ್ಡ್ ಬಾರ್ಟಲ್ ಅದನ್ನು ಬೆಳೆಸಿದನು. ಅದರಲ್ಲಿ ಚಿತ್ರವೇ ಇರಲಿಲ್ಲ, ಎಲ್ಲವೂ ಅಕ್ಷರ. ಮುಂದೆ ಚಿತ್ರ ಬಂದಿತು, ಬಣ್ಣ ಬಂದಿತು, ಚಲನೆ ಬಂದಿತು. ಅವುಗಳೊಡನೆ ಡ್ಯೂರರನ ಕಾಲದ ಪ್ರಶ್ನೆಯೂ ಬಂದಿತು.

ಈ ಪ್ರಶ್ನೆಗೆ ವಿಜ್ಞಾನದ ದಾರಿಯಲ್ಲಿ ಉತ್ತರ ಹುಡುಕಿದ ಆಟಗಳಲ್ಲಿ ಮುಖ್ಯವಾದದ್ದು 2007ರ ಡಿಸೆಂಬರಿನಲ್ಲಿ ಬಂದ ‘ವುಲ್ಫ್‌ಕ್ವೆಸ್ಟ್’. ಇದರ ಹಿಂದೆ ಇದ್ದದ್ದು ಒಂದು ಪ್ರಾಣಿಸಂಗ್ರಹಾಲಯ. ಅಮೆರಿಕದ ಮಿನ್ನೆಸೋಟ ಮೃಗಾಲಯವೂ ಎಜುವೆಬ್ ಎಂಬ ಸಂಸ್ಥೆಯೂ ಸೇರಿ, ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಧನಸಹಾಯದಿಂದ ಇದನ್ನು ರಚಿಸಿದವು. ಆಟಗಾರನು ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಒಂದು ತೋಳ. ಅವನು ಬೇಟೆಯಾಡಬೇಕು, ಸಂಗಾತಿಯನ್ನು ಹುಡುಕಬೇಕು, ಗಡಿ ಕಾಯಬೇಕು, ಮರಿಗಳನ್ನು ಸಾಕಬೇಕು. ಆಟಗಾರರು ಒಟ್ಟಿಗೆ ಸೇರಿ ಹಿಂಡಾಗಿಯೂ ಆಡಬಹುದು. 2019ರಿಂದ ಹೊರಬಂದ ಹೊಸ ಆವೃತ್ತಿಯಲ್ಲಿ ತೋಳಗಳ ಮೈಬಣ್ಣಗಳನ್ನು ಯೆಲ್ಲೊಸ್ಟೋನಿನ ನಿಜವಾದ ತೋಳಗಳನ್ನೇ ನೋಡಿ ರೂಪಿಸಲಾಗಿದೆ.

ಯೆಲ್ಲೊಸ್ಟೋನನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. 1872ರಲ್ಲಿ ಸ್ಥಾಪನೆಯಾದ ಆ ಉದ್ಯಾನದಲ್ಲಿ ತೋಳವೆಂದರೆ ದುಷ್ಟಪ್ರಾಣಿ ಎಂದೆಣಿಸಿ ಸರಕಾರವೇ ಕೊಲ್ಲಿಸಿತು. 1926ರ ಹೊತ್ತಿಗೆ ಅಲ್ಲಿ ಒಂದೂ ಉಳಿಯಲಿಲ್ಲ. ತೋಳಗಳಿಲ್ಲದೆ ಎಲ್ಕ್ ಎಂಬ ದೊಡ್ಡ ಜಿಂಕೆಗಳು ಮಿತಿಮೀರಿ ಹೆಚ್ಚಿದವು. ಕೊನೆಗೆ 1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳಗಳನ್ನು ತಂದು ಬಿಡಬೇಕಾಯಿತು. ಕಥೆಯ ತೋಳವನ್ನು ನಂಬಿ ಕಾಡಿನ ತೋಳವನ್ನು ಕೊಂದದ್ದರ ಪ್ರಾಯಶ್ಚಿತ್ತ ಅದು. ಹಾಗೆ ಮರಳಿ ಬಂದ ತೋಳಗಳ ಒಂದೊಂದು ತಲೆಮಾರನ್ನೂ ವಿಜ್ಞಾನಿಗಳು ಲೆಕ್ಕವಿಟ್ಟು ನೋಡುತ್ತಿರುವುದರಿಂದ, ಆಟ ರಚಿಸುವವರಿಗೆ ಆಧಾರಗಳ ಕೊರತೆಯಾಗಲಿಲ್ಲ.

ಬಣ್ಣದ ಲೆಕ್ಕ

ಪಾತ್ರ ರೂಪಿಸುವ ಮಕ್ಕಳಿಗೆ ಉಪಯೋಗವಾಗಲೆಂದು ಕೆಲವು ವಿಷಯಗಳನ್ನು ಇಲ್ಲಿ ಹೇಳುತ್ತೇವೆ.

ಯೆಲ್ಲೊಸ್ಟೋನಿನ ತೋಳಗಳಲ್ಲಿ ಸುಮಾರು ಅರ್ಧ ಬೂದು, ಅರ್ಧ ಕಪ್ಪು. ಈ ಕಪ್ಪು ಎಲ್ಲಿಂದ ಬಂದಿತು ಎಂಬುದೇ ಒಂದು ಸ್ವಾರಸ್ಯ. 2009ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ, ಉತ್ತರ ಅಮೆರಿಕದ ತೋಳಗಳಿಗೆ ಕಪ್ಪಿನ ವಂಶವಾಹಿ ಸಾಕುನಾಯಿಗಳೊಡನೆ ಹಿಂದೆಂದೋ ನಡೆದ ಸಂಕರದಿಂದ ಬಂದದ್ದು. ಈ ವಂಶವಾಹಿ ಪ್ರಬಲವಾದದ್ದು. ತಂದೆ ತಾಯಿಗಳಲ್ಲಿ ಒಬ್ಬರಿಂದ ಬಂದರೂ ಸಾಕು, ಮರಿ ಕಪ್ಪು. ಆದ್ದರಿಂದ ಬೂದು ತಂದೆಗೂ ಬೂದು ತಾಯಿಗೂ ಕಪ್ಪು ಮರಿ ಹುಟ್ಟಿತೆಂದು ಆಟಗಾರನು ಬರೆದರೆ ಲೆಕ್ಕ ತಪ್ಪಿತು. ಕಪ್ಪು ತೋಳಗಳಿಗೆ ವಯಸ್ಸಾದಂತೆ ನಮ್ಮಂತೆಯೇ ನರೆಯೂ ಬರುತ್ತದೆ; ಕರಿಯ ತೋಳ ಮುಪ್ಪಿನಲ್ಲಿ ಬೂದಾಗಿ ಕಾಣಬಹುದು.

ನಮ್ಮ ಕಬಿನಿಯ ಕರಿಚಿರತೆಯ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ಅಲ್ಲಿ ಲೆಕ್ಕ ತಿರುವುಮುರುವು. ಚಿರತೆಗಳಲ್ಲಿ ಕಪ್ಪಿನ ವಂಶವಾಹಿ ದುರ್ಬಲವಾದದ್ದು. ತಂದೆ ತಾಯಿ ಇಬ್ಬರಿಂದಲೂ ಬರಬೇಕು. ಹೀಗಾಗಿ ಚುಕ್ಕೆ ಚಿರತೆಗಳ ಜೋಡಿಗೆ ಕರಿಯ ಮರಿ ಹುಟ್ಟುವುದು ಸಾಧ್ಯ. ಒಳ್ಳೆಯ ಬಿಸಿಲಿನಲ್ಲಿ ನೋಡಿದರೆ ಕರಿಚಿರತೆಯ ಮೈಮೇಲೂ ಚುಕ್ಕೆಗಳು ಕಾಣುತ್ತವೆ ಎಂಬುದನ್ನು ಚಿತ್ರ ಬರೆಯುವವರು ಮರೆಯಬಾರದು.

ಬೆಕ್ಕಿನ ಪಾತ್ರ ಧರಿಸುವವರೂ ಬಹಳ. ‘ಎರಿನ್ ಹಂಟರ್’ ಎಂಬ ಹೆಸರಿನಲ್ಲಿ ಕೆಲವು ಲೇಖಕರು ಸೇರಿ 2003ರಿಂದ ಬರೆದ ಕಾಡುಬೆಕ್ಕುಗಳ ಕಾದಂಬರಿಮಾಲೆಯೇ ಇದಕ್ಕೆ ಮುಖ್ಯ ಕಾರಣ. ಕಪ್ಪು ಕಿತ್ತಳೆ ಬಣ್ಣಗಳು ಬೆರೆತ ಬೆಕ್ಕನ್ನು ನಾವೆಲ್ಲ ಕಂಡಿದ್ದೇವೆ. ಅದು ಬಹುಪಾಲು ಹೆಣ್ಣೇ ಆಗಿರುತ್ತದೆ ಎಂಬುದನ್ನು ಎಷ್ಟು ಜನ ಗಮನಿಸಿದ್ದೇವೆ? ಕಿತ್ತಳೆ ಬಣ್ಣವನ್ನು ನಿರ್ಣಯಿಸುವ ವಂಶವಾಹಿ ‘ಎಕ್ಸ್’ ವರ್ಣತಂತುವಿನ ಮೇಲಿದೆ. ಹೆಣ್ಣಿಗೆ ಅಂಥ ವರ್ಣತಂತು ಎರಡು, ಗಂಡಿಗೆ ಒಂದೇ. ಹೆಣ್ಣಿನ ಒಂದೊಂದು ಜೀವಕೋಶದಲ್ಲಿ ಎರಡರಲ್ಲೊಂದು ಕೆಲಸ ನಿಲ್ಲಿಸುತ್ತದೆ ಎಂದು 1961ರಲ್ಲಿ ಮೇರಿ ಲಯನ್ ಎಂಬ ಬ್ರಿಟಿಷ್ ವಿಜ್ಞಾನಿ ಸೂಚಿಸಿದರು. ಎಲ್ಲಿ ಯಾವುದು ನಿಂತಿತೋ ಅದರಂತೆ ಮೈಮೇಲೆ ಬಣ್ಣದ ಮಚ್ಚೆಗಳು. ಅಂಥ ಗಂಡುಬೆಕ್ಕು ಇಲ್ಲವೇ ಇಲ್ಲವೆಂದಲ್ಲ, ಬಲು ಅಪರೂಪ. ವರ್ಣತಂತು ಒಂದು ಹೆಚ್ಚಾಗಿ ಹುಟ್ಟಿದ ಅಂಥವು ಸಾಮಾನ್ಯವಾಗಿ ಸಂತಾನಹೀನ. ಸಯಾಮೀ ಬೆಕ್ಕಿನ ಮರಿ ಹುಟ್ಟುವಾಗ ಬೆಳ್ಳಗಿದ್ದು, ಮೈಯ ತಂಪಾದ ಭಾಗಗಳಾದ ಕಿವಿ, ಮೂಗು, ಕಾಲು, ಬಾಲಗಳು ಮಾತ್ರ ಮುಂದೆ ಕಪ್ಪಾಗುತ್ತವೆ. ಬಣ್ಣ ಹುಟ್ಟಿಸುವ ಕಿಣ್ವ ಅಲ್ಲಿನ ತಂಪಿನಲ್ಲಿ ಮಾತ್ರ ಕೆಲಸ ಮಾಡುವುದೇ ಇದಕ್ಕೆ ಕಾರಣ.

ಇಷ್ಟನ್ನು ತಿಳಿದ ಮೇಲೆ ನೇರಳೆ ಬಣ್ಣ ಏಕೆ ಬೇಕು? ನಿಜವಾದ ಬಣ್ಣಗಳಲ್ಲಿಯೇ ಒಂದೊಂದಕ್ಕೂ ಒಂದೊಂದು ಕಥೆಯಿದೆ.

ರೂಪಕ್ಕಿಂತ ನಡತೆ

ಮೈಬಣ್ಣ ಸರಿಯಾದ ಮಾತ್ರಕ್ಕೆ ಪಾತ್ರ ನಿಜವಾಗುವುದಿಲ್ಲ. ತೋಳದ ಆಟಗಳಲ್ಲಿ ಬಹು ದಿನಗಳಿಂದ ಬಳಕೆಯಲ್ಲಿರುವ ಒಂದು ಮಾತು ‘ಆಲ್ಫಾ’. ಹಿಂಡಿಗೊಬ್ಬ ಕ್ರೂರ ನಾಯಕ, ಅವನ ಕೆಳಗೆ ದರ್ಜೆವಾರು ಅಧೀನರು, ಪಟ್ಟಕ್ಕಾಗಿ ಸದಾ ಕಾಳಗ. ನಮ್ಮ ಸರಕಾರಿ ಕಚೇರಿಯ ಶ್ರೇಣಿಪಟ್ಟಿಯನ್ನೇ ಕಾಡಿಗೆ ಸಾಗಿಸಿದಂತೆ!

ಈ ಕಲ್ಪನೆ ಬಂದದ್ದು ಹೇಗೆ? ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ನೋಡಿ 1947ರಲ್ಲಿ ಬರೆದ ಪ್ರಬಂಧ ಅದರ ಮೂಲ. 1970ರಲ್ಲಿ ಡೇವಿಡ್ ಮೆಕ್ ಬರೆದ ತೋಳಗಳ ಕುರಿತ ಪುಸ್ತಕ ಅದನ್ನು ಜನಪ್ರಿಯಗೊಳಿಸಿತು. ಆದರೆ ಅದೇ ಮೆಕ್ ಮುಂದೆ ಉತ್ತರ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ವರ್ಷವರ್ಷವೂ ಬೇಸಗೆಯಲ್ಲಿ ಕಾಡುತೋಳಗಳ ನಡುವೆ ಇದ್ದು ನೋಡಿದಾಗ ಕಂಡದ್ದೇ ಬೇರೆ. ಹಿಂಡೆಂದರೆ ಸಾಮಾನ್ಯವಾಗಿ ಒಂದು ಸಂಸಾರ. ಅಪ್ಪ, ಅಮ್ಮ, ಈ ವರ್ಷದ ಮರಿಗಳು, ಹಿಂದಿನ ವರ್ಷಗಳ ಮಕ್ಕಳು. ದೊಡ್ಡವರು ಮುಂದಾಗಿ ನಡೆಯುವುದು ಕಾಳಗದಲ್ಲಿ ಗೆದ್ದುದರಿಂದಲ್ಲ, ತಂದೆ ತಾಯಿಗಳಾದ್ದರಿಂದ. ಮಕ್ಕಳು ಬೆಳೆದು ದೂರ ಹೋಗಿ ತಮ್ಮದೇ ಸಂಸಾರ ಹೂಡುತ್ತಾರೆ. ಬೋನಿನಲ್ಲಿ ಪರಸ್ಪರ ಪರಿಚಯವಿಲ್ಲದ ತೋಳಗಳನ್ನು ಕೂಡಿಹಾಕಿದ್ದರಿಂದಲೇ ಆ ಕಚ್ಚಾಟ ಹುಟ್ಟಿತ್ತು. 1999ರಲ್ಲಿ ಮೆಕ್ ಇದನ್ನು ವಿವರವಾಗಿ ಬರೆದರು. ತಮ್ಮ ಹಳೆಯ ಪುಸ್ತಕವನ್ನು ಇನ್ನು ಅಚ್ಚುಹಾಕಬೇಡಿರೆಂದು ಪ್ರಕಾಶಕರನ್ನು ಕೇಳುತ್ತಲೇ ಬಂದರು. 2022ರಲ್ಲಿ ಅದರ ಮುದ್ರಣ ನಿಂತಿತು. ತಾವೇ ಹರಡಿದ ತಪ್ಪನ್ನು ತಾವೇ ಅಳಿಸಲು ಹೊರಟ ಇಂಥ ವಿದ್ವಾಂಸರು ವಿರಳ. ಡ್ಯೂರರನ ಕೊಂಬಿನಂತೆ ಆಲ್ಫಾ ಕೂಡ ಸುಲಭವಾಗಿ ಉದುರುವಂತಿಲ್ಲ. ಕಥೆಗಳಲ್ಲಿ, ಆಟಗಳಲ್ಲಿ ಅದು ಇನ್ನೂ ಮೆರೆಯುತ್ತಿದೆ.

ಹುಟ್ಟೂರು ಬಿಟ್ಟು ಬಂದು ಪರನಾಡಿನಲ್ಲಿ ಸಂಸಾರ ಹೂಡಿದ ನಮ್ಮಂಥವರಿಗೆ ನಿಜವಾದ ತೋಳದ ಕಥೆ ಆಲ್ಫಾನ ಕಥೆಗಿಂತ ಹತ್ತಿರವಾಗಬೇಕು.

ಕಲ್ಪನೆಗೆ ಜಾಗವೆಲ್ಲಿ?

ಹಾಗಾದರೆ ಕಲ್ಪನೆಗೆ ಬಾಗಿಲು ಮುಚ್ಚಬೇಕೇ? ಖಂಡಿತ ಬೇಡ. ನಮ್ಮ ನಾಡಿನ ಲಾಂಛನದಲ್ಲಿಯೇ ಎರಡು ತಲೆಯ ಗಂಡಭೇರುಂಡವಿದೆ. ದೇವಾಲಯಗಳ ಗೋಡೆಗಳಲ್ಲಿ ಮಕರಗಳಿವೆ, ಯಾಳಿಗಳಿವೆ. ಕರಾವಳಿಯ ಹುಲಿವೇಷದ ಹುಲಿಗೆ ಕಾಡಿನ ಹುಲಿಯ ಬಣ್ಣವಿರಲೇಬೇಕೆಂದು ಯಾರೂ ಹಟ ಹಿಡಿಯಲಿಲ್ಲ. ಆದರೆ ಇವು ಯಾವುವೂ ನಾವು ನಿಜಪ್ರಾಣಿ ಎಂದು ಹೇಳಿಕೊಳ್ಳುವುದಿಲ್ಲ. ಗಂಡಭೇರುಂಡವನ್ನು ಹುಡುಕಿಕೊಂಡು ಯಾರೂ ಕಾಡಿಗೆ ಹೋಗಿಲ್ಲ. ಅದರ ಹೆಸರಿನಲ್ಲಿ ಯಾವ ಹಕ್ಕಿಯನ್ನೂ ಕೊಂದಿಲ್ಲ. ಕಲ್ಪನೆ ತಾನು ಕಲ್ಪನೆಯೆಂದು ಒಪ್ಪಿಕೊಂಡಲ್ಲಿ ಅದು ಕಲೆ. ತಾನೇ ನಿಜವೆಂದು ವೇಷ ಹಾಕಿದಲ್ಲಿ ಮಾತ್ರ ಕೇಡು. ನೇರಳೆ ತೋಳದ ಆಟ ಬೇಕೆನ್ನುವವರು ಅದನ್ನು ಬೇರೆಯೇ ಆಡಲಿ. ತೋಳದ ಆಟವೆಂದು ಹೆಸರಿಟ್ಟ ಮೇಲೆ ತೋಳಕ್ಕೆ ನ್ಯಾಯ ಸಲ್ಲಲಿ.

ಈ ನ್ಯಾಯ ದೂರದ ಅಮೆರಿಕದ ತೋಳಕ್ಕೆ ಮಾತ್ರ ಸಲ್ಲುವಂಥದಲ್ಲ. ಮಂಡ್ಯ ಜಿಲ್ಲೆಯ ಮೇಲುಕೋಟೆಯ ವನ್ಯಧಾಮ 1974ರಲ್ಲಿ ಸ್ಥಾಪನೆಯಾದದ್ದು ಮುಖ್ಯವಾಗಿ ತೋಳಗಳ ರಕ್ಷಣೆಗೆಂದು. ಕೊಪ್ಪಳದ ಕಡೆಯ ಬಯಲುಗಳಲ್ಲಿ, ಪುಣೆ-ಸೊಲ್ಲಾಪುರಗಳ ಹುಲ್ಲುಗಾವಲುಗಳಲ್ಲಿ ಕುರಿಗಾಹಿಗಳ ಅಕ್ಕಪಕ್ಕದಲ್ಲಿ ತೋಳಗಳು ಇಂದಿಗೂ ಬದುಕಿವೆ. ಅವು ಪರದೆಯ ತೋಳಗಳಂತೆ ದೈತ್ಯವಲ್ಲ, ಕಪ್ಪಲ್ಲ. ತೆಳ್ಳಗೆ, ಕಂದುಬಣ್ಣದಲ್ಲಿ, ಒಣಹುಲ್ಲಿನಲ್ಲಿ ಬೆರೆತುಹೋಗುವಂಥವು. ಹುಲ್ಲುಗಾವಲು ‘ಬರಡು ಭೂಮಿ’ ಎಂದು ಕಡತಗಳಲ್ಲಿ ದಾಖಲಾಗಿ ಕೈಬಿಟ್ಟುಹೋದಂತೆಲ್ಲ ಅವುಗಳ ನೆಲೆ ಕುಗ್ಗುತ್ತದೆ. ನಗರದ ಮನೆಗಳಲ್ಲಿ ಬೆಳೆಯುವ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ತೋಳವನ್ನು ನೋಡುವುದಿದ್ದರೆ ಪರದೆಯಲ್ಲಿಯೇ. ಆ ಪರದೆಯ ತೋಳ ಸುಳ್ಳಾದರೆ, ನಾಳೆ ಬಯಲಿನ ತೋಳದ ಪರವಾಗಿ ಮಾತಾಡಬೇಕಾದಾಗ ಅವರಿಗೆ ಅದರ ಗುರುತೇ ಸಿಕ್ಕದು.

ಆದ್ದರಿಂದ ಮಕ್ಕಳ ಆಟವನ್ನು ಗದರಿ ನಿಲ್ಲಿಸುವುದಕ್ಕಿಂತ ಒಂದು ಗಳಿಗೆ ಪಕ್ಕದಲ್ಲಿ ಕುಳಿತು ಪ್ರಶ್ನೆ ಕೇಳುವುದು ಮೇಲು. ತೋಳಕ್ಕೆ ನೀಲಿ ಕಣ್ಣು ಇಡಲೇ ಎಂದು ಮಗು ಕೇಳಿದರೆ, ಅದರ ವಯಸ್ಸೆಷ್ಟು ಎಂದು ತಿರುಗಿ ಕೇಳಿರಿ. ತೋಳದ ಮರಿಗಳ ಕಣ್ಣು ಮೊದಲ ಕೆಲವು ವಾರ ನೀಲಿಯಾಗಿಯೇ ಇರುತ್ತದೆ. ಬೆಳೆದ ಮೇಲೆ ಹಳದಿ.